ಸೀಬರ್ಗ್ ಪೆಟ್ಟಿಗೆಗೆ ಎಣ್ಣೆ ಬಿಡುವ ಮುನ್ನ

ಪ್ರಶ್ನೆ: ನಾವು ಷಿಕಾಗೊ ಹತ್ತಿರ ನೆಲೆಸಿದ್ದೇವೆ. ನೆರೆಯವರು ಮನೆ ಖಾಲಿ ಮಾಡುವಾಗ 1952ರ ಸೀಬರ್ಗ್ ಎಂ100ಸಿ ಜ್ಯೂಕ್‌ಬಾಕ್ಸ್ ಒಂದು ನಮ್ಮ ಪಾಲಿಗೆ ಬಂತು. ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಗುಂಡಿ ಒತ್ತಿದರೆ ಒಳಗಿನ ಗಾಡಿ ಸ್ವಲ್ಪ ದೂರ ತೆವಳಿ ನಿಂತುಬಿಡುತ್ತದೆ. ಮೋಟರ್ ಮಾತ್ರ ಗುಂಯ್‌ಗುಡುತ್ತಲೇ ಇರುತ್ತದೆ. ಸ್ಪ್ರೇ ಎಣ್ಣೆ ಹೊಡೆದರೆ ಸರಿಹೋಗುತ್ತದೆ ಎನ್ನುತ್ತಾರೆ ಗೆಳೆಯರು. ಎಲ್ಲೆಲ್ಲಿ ಎಣ್ಣೆ ಬಿಡಬೇಕು? ಅಪ್ಪ ಕೂಡಿಟ್ಟ ಕನ್ನಡ ಸಿನಿಮಾ ಹಾಡುಗಳ ಇಪಿಗಳನ್ನು ಇದರಲ್ಲಿ ಹಾಕಬಹುದೆ? ಮುಂದೆ ಮೈಸೂರಿಗೆ ಮರಳುವಾಗ ಇದನ್ನೂ ತರಬೇಕೆಂಬ ಆಸೆಯಿದೆ.

ಉತ್ತರ: ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ತಿರುಗಲಾರದೆ ಗುಂಯ್‌ಗುಡುತ್ತ ನಿಂತ ಮೋಟರಿನ ಸುರುಳಿ ಒಳಗೊಳಗೇ ಕಾಯುತ್ತಿರುತ್ತದೆ. ಹಾಗೇ ಬಿಟ್ಟರೆ ಅದು ಸುಟ್ಟುಹೋಗಬಹುದು. ಆಮೇಲೆ ಈ ಮಾದರಿಗೆ ಹೊಂದುವ ಮೋಟರ್ ಹುಡುಕುವುದೇ ದೊಡ್ಡ ಕೆಲಸ. ಸ್ಪ್ರೇ ಡಬ್ಬಿಯನ್ನಂತೂ ಪೆಟ್ಟಿಗೆಯ ಹತ್ತಿರಕ್ಕೂ ತರಬೇಡಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಇದು ಎಣ್ಣೆ ಸಾಲದೆ ಬಂದ ಕಾಯಿಲೆಯಂತೆ ಕಾಣುವುದಿಲ್ಲ; ಯಾವತ್ತೋ ಹಚ್ಚಿದ ಗ್ರೀಸು ಅಲ್ಲೇ ಕೂತು ಗಟ್ಟಿಯಾಗಿರುವ ಸಂಭವವೇ ಹೆಚ್ಚು. ಎಣ್ಣೆ ಎಲ್ಲೆಲ್ಲಿ ಎಂದು ಕೇಳಿದ್ದೀರಿ, ಹೇಳುತ್ತೇನೆ. ಆದರೆ ಹಳೆಯದನ್ನು ಪೂರ್ತಿ ತೆಗೆಯದೆ ಹೊಸದನ್ನು ಹಾಕುವಂತಿಲ್ಲ. ಹಾಕಿದ ಮೇಲೂ ಆ ಯಂತ್ರದ ಬಹುಭಾಗ ಒಣಗಿಯೇ ಇರಬೇಕು. ಈ ಉತ್ತರದ ಹೆಚ್ಚಿನ ಪಾಲು ಈ ಎರಡಕ್ಕೇ ಹೋಗುತ್ತದೆ.

ನಿಮ್ಮ ಕೈಗೆ ಬಂದಿರುವುದು ಏನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಅದು ಗೊತ್ತಿದ್ದರೆ ಕೈಗೆ ತಾನಾಗಿ ತಾಳ್ಮೆ ಬರುತ್ತದೆ. ಸ್ವೀಡನ್ನಿನಿಂದ ಬಂದ ಜಸ್ಟಸ್ ಸೀಬರ್ಗ್ ಕಟ್ಟಿದ ಕಂಪನಿ ಇದು. ನಾಣ್ಯ ಹಾಕಿದರೆ ತಾನೇ ನುಡಿಯುವ ಪಿಯಾನೊಗಳನ್ನು ಮಾಡುತ್ತ ಷಿಕಾಗೊದಲ್ಲಿ ಬೆಳೆಯಿತು. 1940ರ ದಶಕದ ಜ್ಯೂಕ್‌ಬಾಕ್ಸ್ ಎಂದರೆ ಇಪ್ಪತ್ತು, ಇಪ್ಪತ್ನಾಲ್ಕು ಹಾಡು. ಎಲ್ಲರ ಕಣ್ಣಿಗೂ ಪರಿಚಿತವಾದ, ಬಣ್ಣದ ಕೊಳವೆಗಳಲ್ಲಿ ಗುಳ್ಳೆ ಏಳುವ 1946ರ ವುರ್ಲಿಟ್ಸರ್ 1015ರಲ್ಲಿ ಇದ್ದದ್ದೂ 24 ಹಾಡುಗಳೇ. ಆ ದಶಕದ ಕೊನೆಯಲ್ಲಿ ಸೀಬರ್ಗ್‌ನ ಎಂ100ಎ ಒಂದೇ ಸಲಕ್ಕೆ ನೂರು ಹಾಡು ಕೊಟ್ಟಿತು: ಐವತ್ತು ರೆಕಾರ್ಡು, ಎರಡೂ ಮುಖ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ 45 ಸುತ್ತಿನ ಏಳಿಂಚಿನ ರೆಕಾರ್ಡು ತಂದಾಗ, 1950ರ ಎಂ100ಬಿ ಅದನ್ನು ನುಡಿಸಿದ ಮೊದಲ ಜ್ಯೂಕ್‌ಬಾಕ್ಸ್ ಆಯಿತು. ನಿಮ್ಮದು ಅದರ ಮರುಪೀಳಿಗೆ. 1974ರಲ್ಲಿ ಶುರುವಾದ ಹ್ಯಾಪಿ ಡೇಸ್ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ ಆರಂಭದ ದೃಶ್ಯದಲ್ಲಿ ಕಾಣುವುದು ಈ ಎಂ100ಸಿಯೇ. ನಿಮ್ಮ ಹತ್ತಿರದ ಊರಿನಲ್ಲೇ ಹುಟ್ಟಿದ ಯಂತ್ರ. ಅದರ ಬಿಡಿಭಾಗ, ಕೈಪಿಡಿ, ಅದನ್ನು ಬಲ್ಲ ರಿಪೇರಿಯವರು ಇನ್ನೂ ಸಿಗುವುದು ಹೆಚ್ಚಾಗಿ ಅಮೆರಿಕದಲ್ಲೇ. ಮೈಸೂರಿಗೆ ಬರುವ ಮೊದಲೇ ಕೆಲಸ ಮುಗಿಸಿಕೊಳ್ಳಿ.

ಈಗ ಒಳಗಿನ ಆಟ. ಐವತ್ತು ರೆಕಾರ್ಡುಗಳು ಕಪಾಟಿನ ಪುಸ್ತಕಗಳ ಹಾಗೆ ನೆಟ್ಟಗೆ ಸಾಲಾಗಿ ನಿಂತಿರುತ್ತವೆ. ಅವು ಕದಲುವುದಿಲ್ಲ. ಅವುಗಳ ಉದ್ದಕ್ಕೂ ಹಳಿಯ ಮೇಲೆ ಓಡಾಡುವುದು ಗಾಡಿ, ಅಂದರೆ ಕ್ಯಾರೇಜ್. ಮೋಟರ್, ತಿರುಗುವ ಚಕ್ರ, ಮುಳ್ಳಿನ ತೋಳು ಎಲ್ಲವನ್ನೂ ಹೊತ್ತುಕೊಂಡು ಅದು ಹೋಗುತ್ತದೆ. ನೀವು ಗುಂಡಿ ಒತ್ತಿದಾಗ ಆಯ್ಕೆ ಒಂದೆಡೆ ದಾಖಲಾಗುತ್ತದೆ, ಗಾಡಿ ಹೊರಡುತ್ತದೆ. ಬೇಕಾದ ರೆಕಾರ್ಡಿನ ಎದುರಿಗೆ ಬಂದ ಕ್ಷಣ ಒಂದು ಸೊಲೆನಾಯ್ಡ್ ಎಳೆಯುತ್ತದೆ, ಸನ್ನೆಯೊಂದು ಹಲ್ಲಿನೊಳಕ್ಕೆ ಬಿದ್ದು ಗಾಡಿಯನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ, ಕ್ಲಚ್ ಬದಲಾಗುತ್ತದೆ. ಅಲ್ಲಿಯವರೆಗೆ ಗಾಡಿಯನ್ನು ಓಡಿಸುತ್ತಿದ್ದ ಅದೇ ಮೋಟರ್ ಈಗ ಕ್ಯಾಮುಗಳನ್ನು ತಿರುಗಿಸಿ, ರೆಕಾರ್ಡನ್ನು ಸಾಲಿನಿಂದ ಹೊರತೆಗೆದು, ನೆಟ್ಟಗೆ ನಿಲ್ಲಿಸಿಯೇ ಹಿಡಿದು ಸುತ್ತಿಸುತ್ತದೆ. ಪಿಕಪ್ಪಿನಲ್ಲಿ ಎರಡು ಮುಳ್ಳು: ಒಂದು ಈ ಮುಖಕ್ಕೆ, ಇನ್ನೊಂದು ಆ ಮುಖಕ್ಕೆ. ಗಾಡಿ ಒಂದು ದಿಕ್ಕಿನಲ್ಲಿ ಹೋಗುವಾಗ ರೆಕಾರ್ಡುಗಳ ಒಂದು ಮುಖ, ಹಿಂದಿರುಗುವಾಗ ಇನ್ನೊಂದು. ರೆಕಾರ್ಡು ಮಲಗಿರದೆ ನಿಂತಿರುವುದರಿಂದ ತೋಳಿನ ಭಾರದ ಮೇಲೆ ಭರವಸೆ ಇಡುವಂತಿಲ್ಲ. ಮುಳ್ಳನ್ನು ಗೆರೆಗೆ ಒತ್ತಿ ಹಿಡಿಯುವುದು ಒಂದು ಎಳೆಯ ಸ್ಪ್ರಿಂಗು. ಗಾಜಿನಾಚೆಯಿಂದ ಇದನ್ನು ನೋಡುತ್ತ ನಿಂತರೆ ನನಗೆ ಇವತ್ತಿಗೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಒಂದೇ ಒಂದು ಸಣ್ಣ ಮೋಟರ್ ಇಷ್ಟೆಲ್ಲ ಮಾಡಬೇಕು ಎಂಬುದನ್ನು ಗಮನಿಸಿ. ಅದರಲ್ಲಿ ಮಿಗುವ ಬಲ ಬಹಳವಿಲ್ಲ. ಯಾವುದೋ ಒಂದು ದಂಡ ತನ್ನ ಬೇರಿಂಗಿನಲ್ಲಿ ಬಿಗಿಯಾದರೆ ಸಾಕು, ಗಾಡಿ ತೆವಳುತ್ತದೆ, ಆಮೇಲೆ ನಿಲ್ಲುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇದೇ.

ಗ್ರೀಸು ಅಂದರೆ ಎಣ್ಣೆಯೇ. ಸೋಪಿನಂಥ ಒಂದು ಪದಾರ್ಥ ಅದನ್ನು ಸ್ಪಂಜಿನಂತೆ ಹೀರಿ ಹಿಡಿದಿಟ್ಟುಕೊಂಡಿರುತ್ತದೆ. ಹಚ್ಚಿದ ಜಾಗದಿಂದ ಅದು ಹರಿದುಹೋಗದೆ ನಿಲ್ಲುವುದು ಆ ಸೋಪಿನಿಂದ, ಜಾರುವುದು ಎಣ್ಣೆಯಿಂದ. ವರ್ಷಗಳು ಕಳೆದಂತೆ ಎಣ್ಣೆ ಒಸರಿ ಹೋಗುತ್ತದೆ, ಸ್ವಲ್ಪ ಆವಿಯಾಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ. ಕೊನೆಗೆ ಉಳಿಯುವುದು ಸೋಪು, ಧೂಳು, ಹೋಟೆಲಿನ ಸಿಗರೇಟು ಹೊಗೆಯ ಜಿಡ್ಡು, ಇವೆಲ್ಲ ಕೂಡಿದ ಕಂದು ಬಣ್ಣದ ಪದರ. ಬೆಳಕಿಗೆ ಹಿಡಿದರೆ ಜೇನುಗಪ್ಪು, ಉಗುರಿನಿಂದ ಕೆರೆದರೆ ಪುಡಿಪುಡಿ. ಜಾರಿಸಲೆಂದು ಹಚ್ಚಿದ್ದೇ ಈಗ ಹಿಡಿದು ನಿಲ್ಲಿಸುತ್ತಿದೆ.

ಇದರ ಮೇಲೆ ಸ್ಪ್ರೇ ಹೊಡೆದರೆ ಏನಾಗುತ್ತದೆ? ಮೊದಲ ಅರ್ಧ ಗಂಟೆ ಎಲ್ಲರಿಗೂ ಖುಷಿಯಾಗುತ್ತದೆ. ಡಬ್ಲ್ಯುಡಿ-40 ಎಂಬುದು 1953ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ತಯಾರಾದದ್ದು, ಲೋಹದಿಂದ ನೀರಿನ ಅಂಶವನ್ನು ದೂರವಿಟ್ಟು ತುಕ್ಕು ತಡೆಯಲಿಕ್ಕೆ. ಆ ಕೆಲಸಕ್ಕೆ ಅದು ಉತ್ತಮ ವಸ್ತು. ನನ್ನ ತಕರಾರು ಅದರ ಮೇಲಲ್ಲ, ಅದನ್ನು ಬಳಸುವ ಜಾಗದ ಮೇಲೆ. ಅದರಲ್ಲಿ ಬಹುಪಾಲು ಬೇಗ ಆರಿಹೋಗುವ ದ್ರಾವಕ. ಆ ದ್ರಾವಕ ಹಳೆಯ ಗ್ರೀಸನ್ನು ನೆನೆಸಿ ಸಡಿಲಿಸುತ್ತದೆ, ಗಾಡಿ ಓಡುತ್ತದೆ. ಸಡಿಲವಾದ ಕೆಸರು ಮಾತ್ರ ಹೊರಗೆ ಬಂದಿರುವುದಿಲ್ಲ, ಬೇರಿಂಗಿನ ಇನ್ನೂ ಒಳಕ್ಕೆ ಇಳಿದಿರುತ್ತದೆ. ದ್ರಾವಕ ಆರಿದ ಮೇಲೆ ಅಲ್ಲಿ ಮತ್ತೆ ಗಟ್ಟಿಯಾಗುತ್ತದೆ, ಈ ಸಲ ನಿಮ್ಮ ಕುಂಚ ತಲುಪದ ಜಾಗದಲ್ಲಿ. ಜೊತೆಗೆ ಆ ಮಂಜು ಸ್ವಿಚ್ಚುಗಳ ತುದಿಗೆ, ರಬ್ಬರಿಗೆ, ಮುಳ್ಳಿಗೆ, ಪಕ್ಕದಲ್ಲಿ ನಿಂತ ಐವತ್ತು ರೆಕಾರ್ಡುಗಳಿಗೆ ಕೂತಿರುತ್ತದೆ. ಹೀಗೆ ಸ್ಪ್ರೇ ಕುಡಿದ ಯಂತ್ರವನ್ನು ಬಿಚ್ಚಿ ತೊಳೆಯುವುದು, ಬರೀ ಒಣಗಿ ನಿಂತ ಯಂತ್ರವನ್ನು ತೊಳೆಯುವುದಕ್ಕಿಂತ ಬಹಳ ಕಷ್ಟ.

ಕೆಲಸ ಶುರು ಮಾಡುವಾಗ ಎಲ್ಲ ರೆಕಾರ್ಡುಗಳನ್ನೂ ಹೊರತೆಗೆದು ಬೇರೆ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ. ಎಂ100ಸಿಯ ಮೂಲ ಕೈಪಿಡಿಯ ಮರುಮುದ್ರಣ ಕೊಳ್ಳಿ. ಎಣ್ಣೆಯ ಬಿಂದುಗಳನ್ನು ಚಿತ್ರ ಸಹಿತ ಗುರುತಿಸಿರುವುದು ಅದರಲ್ಲೇ, ಮತ್ತು ನನ್ನ ಮಾತಿಗೂ ಅದಕ್ಕೂ ವ್ಯತ್ಯಾಸ ಬಂದರೆ ಕೈಪಿಡಿಯನ್ನೇ ನಂಬಿ. ಆಮೇಲೆ, ಪ್ಲಗ್ ಹೊರಗಿರುವಾಗಲೇ, ಮೋಟರಿನ ದಂಡವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿ. ಇಡೀ ಯಂತ್ರವನ್ನು ಹೀಗೆ ಕೈಯಿಂದಲೇ ಹಂತಹಂತವಾಗಿ ನಡೆಸಬಹುದು, ಸೀಬರ್ಗ್‌ನ ದೊಡ್ಡ ಗುಣ ಅದು. ಎಲ್ಲಿ ಬಿಗಿಯಾಯಿತು ಎಂಬುದನ್ನು ಬೆರಳು ಹೇಳುತ್ತದೆ. ಗಾಡಿ ಸರಿಯುವಾಗ ಬಿಗಿಯೋ, ಕ್ಯಾಮು ತಿರುಗುವಾಗ ಬಿಗಿಯೋ, ಅಥವಾ ಮೋಟರೇ ಬಿಗಿಯೋ? ದಂಡ ಸಲೀಸಾಗಿ ತಿರುಗುತ್ತಿದ್ದು, ಕರೆಂಟು ಕೊಟ್ಟಾಗ ಮಾತ್ರ ಗುಂಯ್‌ಗುಡುತ್ತ ನಿಂತರೆ ತಪ್ಪು ಗ್ರೀಸಿನದಲ್ಲ. ಮೋಟರಿಗೆ ಜೋಡಿಸಿದ ಕೆಪಾಸಿಟರನ್ನು ಅನುಮಾನಿಸಿ. ಈ ಒಂದು ಪರೀಕ್ಷೆ ನಿಮಗೆ ಅನೇಕ ಸಂಜೆಗಳನ್ನು ಉಳಿಸುತ್ತದೆ. ಬಲ ಮಾತ್ರ ಹಾಕಬೇಡಿ. ಎರಕ ಹೊಯ್ದ ಹಲವು ಭಾಗಗಳು ಸತುವಿನ ಮಿಶ್ರಲೋಹದವು, ವಯಸ್ಸಾದಂತೆ ಪೆಡಸಾಗಿರುತ್ತವೆ. ಇಕ್ಕಳ ಹಾಕಿ ತಿರುಚಿದರೆ ಚಟಕ್ಕೆಂದು ಮುರಿಯುತ್ತವೆ.

ತೊಳೆಯುವ ಕೆಲಸಕ್ಕೆ ಅವಸರ ಹೊಂದುವುದಿಲ್ಲ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಬಿಚ್ಚುವ ಮುನ್ನ ಮೂರು ಕಡೆಯಿಂದ ಫೋಟೊ ತೆಗೆಯಿರಿ. ವಾಷರುಗಳು ಯಾವ ಕ್ರಮದಲ್ಲಿದ್ದವು, ಸ್ಪ್ರಿಂಗಿನ ಕೊಕ್ಕೆ ಯಾವ ತೂತಿನಲ್ಲಿತ್ತು ಎಂಬುದು ಮರುದಿನಕ್ಕೆ ನೆನಪಿರುವುದಿಲ್ಲ. ದ್ರಾವಕವಾಗಿ ಅಲ್ಲಿ ಮಿನರಲ್ ಸ್ಪಿರಿಟ್ಸ್ ಎಂದು ಸಿಗುವುದು ಸಾಕು. ನಮ್ಮಲ್ಲಿ ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಅದರ ಹತ್ತಿರದ ಬಂಧು. ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆಯುವುದು ನಮ್ಮ ಮೆಕ್ಯಾನಿಕ್ಕುಗಳ ಹಳೆಯ ಪದ್ಧತಿ, ಜಿಡ್ಡು ಹೋಗುವುದೂ ನಿಜ, ಆದರೆ ಅದು ತನ್ನದೇ ಒಂದು ಎಣ್ಣೆಪೊರೆ ಬಿಟ್ಟುಹೋಗುತ್ತದೆ. ಪೆಟ್ರೋಲು ಮಾತ್ರ ಬೇಡವೇ ಬೇಡ. ಕಿಟಕಿ ತೆರೆದಿಡಿ, ಬೆಂಕಿಯ ಮೂಲ ಹತ್ತಿರ ಇರದಂತೆ ನೋಡಿಕೊಳ್ಳಿ, ಕೈಗವಸು ಹಾಕಿ. ದ್ರಾವಕವನ್ನು ಸುರಿಯುವುದಲ್ಲ, ಸಣ್ಣ ಕುಂಚದಲ್ಲಿ ಅದ್ದಿ ಹಚ್ಚುವುದು, ನೆನೆಯಲು ಬಿಡುವುದು, ಬಿದಿರಿನ ಕಡ್ಡಿಯಿಂದ ಮೀಟುವುದು, ಬಟ್ಟೆಯಿಂದ ಒರೆಸುವುದು. ಬಟ್ಟೆಗೆ ಕಂದು ಬಣ್ಣ ಹತ್ತದಿರುವ ತನಕ ಇದೇ. ದಂಡ ಬೇರಿಂಗಿನಿಂದ ಹೊರಗೆ ಬರದಷ್ಟು ಹಿಡಿದಿದ್ದರೆ ಕೂದಲು ಒಣಗಿಸುವ ಡ್ರೈಯರಿನಿಂದ ಆ ಜಾಗವನ್ನು ಬೆಚ್ಚಗೆ ಮಾಡಿ, ಎಳೆದು ನೋಡುವುದಕ್ಕಿಂತ ಹಿಂದೆ ಮುಂದೆ ತಿರುಗಿಸುತ್ತ ಬಿಡಿಸಿ. ಡ್ರೈಯರು ಹಿಡಿಯುವಾಗ ದ್ರಾವಕ ಅಲ್ಲಿ ಹಸಿಯಾಗಿರಬಾರದು.

ಪ್ಲಾಸ್ಟಿಕ್ಕಿನ ಭಾಗ, ಬಣ್ಣದ ಗಾಜು, ಅಕ್ಷರ ಮುದ್ರಿಸಿದ ಫಲಕ, ಇವುಗಳಿಗೆ ಸೋಪುನೀರಿನ ಒದ್ದೆ ಬಟ್ಟೆಗಿಂತ ಹೆಚ್ಚಿನದು ಬೇಡ. ಇಲ್ಲೇ ಇನ್ನೊಂದು ಎಚ್ಚರಿಕೆ, ನಿಮ್ಮ ಯಂತ್ರಕ್ಕಲ್ಲವಾದರೂ ಈ ಹವ್ಯಾಸ ಹಿಡಿದವರಿಗೆಲ್ಲ ಬೇಕಾದದ್ದು. 78 ಸುತ್ತಿನ ಹಳೆಯ ರೆಕಾರ್ಡುಗಳಿಗೆ ಸ್ಪಿರಿಟ್ಟು ತಾಗಿಸಬಾರದು. ಅವು ಅರಗಿನವು, ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ವುರ್ಲಿಟ್ಸರ್ 1015 ನುಡಿಸುತ್ತಿದ್ದ ರೆಕಾರ್ಡುಗಳಿಗೆ ಹೋಗುತ್ತಿದ್ದ ಅರಗಿನ ದೊಡ್ಡ ಪಾಲು ಭಾರತದ ಕಾಡುಗಳಿಂದ ಹಡಗೇರಿ ಹೋದದ್ದು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಿಂದ ಹಡಗು ಸಂಚಾರಕ್ಕೆ ಕುತ್ತು ಬಂದಾಗ ಅಮೆರಿಕ ಸರ್ಕಾರ 1942ರಲ್ಲಿ ಅರಗಿನ ಬಳಕೆಗೆ ಕಡಿವಾಣ ಹಾಕಿತು, ಹೊಸ ರೆಕಾರ್ಡುಗಳಿಗೆ ಬರ ಬಂತು. ಚನ್ನಪಟ್ಟಣದಲ್ಲಿ ತಿರುಗಣೆಯ ಮೇಲಿನ ಗೊಂಬೆಗೆ ಒತ್ತಿ ಹಿಡಿದು ಬಣ್ಣ ಹತ್ತಿಸುವ ಅದೇ ಅರಗು, ಡೆಟ್ರಾಯಿಟ್ಟಿನ ಯಾವುದೋ ಹೋಟೆಲಿನಲ್ಲಿ ಹಾಡಾಗಿ ತಿರುಗುತ್ತಿತ್ತು ಎಂದು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಿಮ್ಮ 45ರ ರೆಕಾರ್ಡುಗಳು ವಿನೈಲಿನವು. ಅವುಗಳಿಗೆ ವೈರಿ ಬಿಸಿ.

ಬೇರಿಂಗುಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಈ ಕಾಲದ ಸಣ್ಣ ಮೋಟರುಗಳಲ್ಲಿ ದಂಡ ಕೂರುವ ಬಳೆ ಹೆಚ್ಚಾಗಿ ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಕಣ್ಣಿಗೆ ಗಟ್ಟಿ ಲೋಹ, ನಿಜದಲ್ಲಿ ಅದರ ಗಾತ್ರದ ಸುಮಾರು ಐದನೇ ಒಂದು ಪಾಲು ಸೂಕ್ಷ್ಮ ರಂಧ್ರಗಳು. ಅಲ್ಲಿ ಎಣ್ಣೆ ತುಂಬಿರುತ್ತದೆ. ದಂಡ ತಿರುಗಿ ಬೆಚ್ಚಗಾದಾಗ ಎಣ್ಣೆ ಹೊರಗೆ ಬರುತ್ತದೆ, ನಿಂತು ತಣ್ಣಗಾದಾಗ ಮತ್ತೆ ಒಳಕ್ಕೆ ಹೋಗುತ್ತದೆ. ಇಂಥ ಬಳೆಯನ್ನು ದ್ರಾವಕದಲ್ಲಿ ತೊಳೆದರೆ ಒಳಗಿನ ಎಣ್ಣೆಯೂ ಹೊರಟುಹೋಯಿತು. ಮೇಲೆ ಒಂದು ಹನಿ ಬಿಟ್ಟರೆ ಆ ರಂಧ್ರಗಳು ತುಂಬುವುದಿಲ್ಲ. ಆದ್ದರಿಂದ ತೊಳೆದ ಬಳೆಯನ್ನು ಪೂರ್ತಿ ಒಣಗಿಸಿ, ಉಗುರುಬೆಚ್ಚಗಿನ ಎಣ್ಣೆಯಲ್ಲಿ ಮುಳುಗಿಸಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ತೆಗೆದು ಒರೆಸಿ ಕೂರಿಸಿ. ಬಳೆಯ ಸುತ್ತ ಫೆಲ್ಟಿನ ತುಂಡು ಇದ್ದರೆ ಅದನ್ನೂ ಎಣ್ಣೆಯಲ್ಲಿ ನೆನೆಸಿ. ಬಳೆಗೆ ಎಣ್ಣೆ ಉಣಿಸುತ್ತ ಇರುವುದು ಅದರ ಕೆಲಸ. ಇಂಥ ಬಳೆಗೆ ಗ್ರೀಸು ಹಚ್ಚಬೇಡಿ, ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ.

ಇನ್ನು ನೀವು ಕೇಳಿದ ಎಣ್ಣೆ. ಮೋಟರಿನ ಬೇರಿಂಗಿಗೆ ಎಸ್‌ಎಇ 20ರ, ಡಿಟರ್ಜೆಂಟ್ ಬೆರೆಸದ ತೆಳು ಎಣ್ಣೆ. ಕಾರಿನ ಎಂಜಿನ್ ಎಣ್ಣೆಯಲ್ಲಿ ಮಸಿಯನ್ನು ತೇಲಿಸಿಡಲು ಡಿಟರ್ಜೆಂಟ್ ಬೆರೆಸಿರುತ್ತಾರೆ, ಫಿಲ್ಟರ್ ಇಲ್ಲದ ಈ ಯಂತ್ರಕ್ಕೆ ಅದು ಬೇಡ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದನ್ನೂ ಹಾಕಬೇಡಿ. ಸಸ್ಯಜನ್ಯ ಎಣ್ಣೆಗಳು ಬಹುಬೇಗ ಅಂಟಾಗುತ್ತವೆ. ಗಾಡಿಯ ಉರುಳೆಗಳ ಅಚ್ಚಿಗೆ, ಸನ್ನೆಗಳ ಕೀಲುಗಳಿಗೆ ಒಂದೊಂದು ಹನಿ. ಹನಿ ಅಂದರೆ ಸೂಜಿ ಮೊಂಡಾದ ಸಿರಿಂಜಿನ ತುದಿಯಲ್ಲಿ ಮೂಡುವಷ್ಟು, ಬಾಟಲಿಯ ಮೂತಿಯಿಂದ ಬೀಳುವಷ್ಟಲ್ಲ. ಹಲ್ಲುಗಾಲಿಗಳಿಗೆ, ಕ್ಯಾಮಿನ ಮೈಗೆ ಲಿಥಿಯಂ ಗ್ರೀಸನ್ನು ಕುಂಚದಲ್ಲಿ ತೆಳುವಾಗಿ ಸವರಿ. ಹಲ್ಲಿನ ಮೈ ಹೊಳೆದರೆ ಸಾಕು. ಹಲ್ಲುಗಳ ನಡುವೆ ತುಂಬಿಕೊಂಡು ಬೆಳ್ಳಗೆ ಕಂಡರೆ ಹೆಚ್ಚಾಯಿತು ಎಂದರ್ಥ, ಒರೆಸಿ ತೆಗೆಯಿರಿ. ಹಳೆಯ ಗ್ರೀಸಿನ ಅಂಶ ಉಳಿದ ಜಾಗಕ್ಕೆ ಹೊಸದನ್ನು ಹಚ್ಚಲೇಬಾರದು. ಬೇರೆ ಬೇರೆ ಸೋಪಿನ ಗ್ರೀಸುಗಳು ಒಂದಕ್ಕೊಂದು ಹೊಂದದೆ ನೀರಾಗಿ ಹರಿಯುವುದುಂಟು, ಹೆಪ್ಪುಗಟ್ಟುವುದೂ ಉಂಟು.

ಎಣ್ಣೆ ಬೇಕಾದ ಜಾಗಗಳು ಇಷ್ಟೇ. ಬೇಡವಾದ ಜಾಗಗಳ ಪಟ್ಟಿ ದೊಡ್ಡದು. ಸೊಲೆನಾಯ್ಡಿನ ಒಳಗೆ ಹೋಗಿಬರುವ ಕಬ್ಬಿಣದ ಕಡ್ಡಿ ಒಣಗಿರಬೇಕು. ಅಲ್ಲಿ ಎಣ್ಣೆ ಇದ್ದರೆ ಧೂಳು ಸೇರಿ ಅಂಟಾಗಿ ಕಡ್ಡಿ ತಡವಾಗಿ ಬಿಡುತ್ತದೆ, ನೀವು ಕೇಳಿದ ಹಾಡು ಬಿಟ್ಟು ಪಕ್ಕದ ಹಾಡು ಬರುತ್ತದೆ. ಆಯ್ಕೆ ನೆನಪಿಡುವ ಭಾಗವೂ ಹಾಗೆಯೇ. ಸ್ವಿಚ್ಚುಗಳ ಬೆಳ್ಳಿಯ ತುದಿಗಳಿಗೆ ಎಣ್ಣೆ ತಾಗಿದರೆ ಕಿಡಿ ಹಾರಿದಾಗ ಅದು ಸುಟ್ಟು ಇದ್ದಿಲಾಗುತ್ತದೆ. ಆ ತುದಿಗಳು ಕಪ್ಪಾಗಿ ಕಂಡರೆ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಬೆಳ್ಳಿಯ ಪದರವೇ ಹೋಗುತ್ತದೆ. ಸ್ವಚ್ಛ ಗಟ್ಟಿ ಕಾಗದದ ಪಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಸವರಿ, ತುದಿಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿ ಎಳೆಯಿರಿ. ಉಜ್ಜಿ ಹಿಡಿಯಬೇಕಾದ ಯಾವ ಕ್ಲಚ್ಚಿನ ಮೈಗೂ ಎಣ್ಣೆಯ ವಾಸನೆ ತಾಗಬಾರದು. ರಬ್ಬರಿಗೂ ಬೇಡ, ಉಬ್ಬಿ ಮೆತ್ತಗಾಗುತ್ತದೆ. ಮೋಟರನ್ನು ಹೊತ್ತ ರಬ್ಬರ್ ಬಳೆಗಳು ಹೇಗೂ ಈ ವೇಳೆಗೆ ಗಟ್ಟಿಯಾಗಿಯೋ ಜೋತುಬಿದ್ದೋ ಇರುತ್ತವೆ, ಹೊಸದು ಹಾಕಿಸಿ. ಇಲ್ಲದಿದ್ದರೆ ಮೋಟರಿನ ಅದುರು ನೇರ ಹಾಡಿಗೆ ಸೇರುತ್ತದೆ. ಗಾಡಿ ಓಡುವ ಹಳಿಯನ್ನು ಒರೆಸಿ ಹೊಳಪು ಮಾಡಿ ಅಷ್ಟಕ್ಕೇ ಬಿಡಿ. ಮುಳ್ಳಿನ ತೋಳಿನ ಕೀಲಿಗೆ ಎಣ್ಣೆ ಬಿಡುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ತಡೆದುಕೊಳ್ಳಿ: ಅಷ್ಟು ಹಗುರವಾದ ತೋಳಿಗೆ ಎಣ್ಣೆಯ ಅಂಟೇ ಭಾರ. ನಾಣ್ಯ ಜಾರುವ ದಾರಿ ಕನ್ನಡಿಯಂತೆ ಒಣಗಿರಲಿ.

ವಿದ್ಯುತ್ತಿನ ಭಾಗದಲ್ಲಿ ನನ್ನ ಸಲಹೆ ಗಟ್ಟಿಯಾದದ್ದು. ಯಂತ್ರದ ಕೆಲಸ ನೀವು ಮಾಡಿ, ಆಂಪ್ಲಿಫೈಯರನ್ನು ಬಲ್ಲವರಿಗೆ ಕೊಡಿ. ವಾಲ್ವುಗಳ ಆ ಪೆಟ್ಟಿಗೆಯಲ್ಲಿ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ಉಳಿದಿರಬಹುದು. 1952ರ ಮೇಣದ ಕಾಗದದ ಕೆಪಾಸಿಟರುಗಳು, ಎಲೆಕ್ಟ್ರೊಲಿಟಿಕ್‌ಗಳು ಹಾಡುತ್ತಿದ್ದರೂ ಸರಿ, ಬದಲಿಸಲೇಬೇಕು. ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ ಅದನ್ನೂ. ಅದು ಸುಟ್ಟಾಗ ಬರುವ ಹೊಗೆ ವಿಷ. ಅದರ ಜಾಗಕ್ಕೆ ಸಿಲಿಕಾನ್ ಡಯೋಡು ಹಾಕುವವರು ಜೊತೆಗೆ ತಕ್ಕ ರೆಸಿಸ್ಟರನ್ನೂ ಹಾಕಬೇಕು, ಇಲ್ಲವಾದರೆ ವೋಲ್ಟೇಜು ಏರುತ್ತದೆ. ಎರಡೇ ಕಡ್ಡಿಯ ಹಳೆಯ ಪ್ಲಗ್ ಇದ್ದರೆ ತೆಗೆಸಿ ಅರ್ತಿಂಗ್ ಇರುವ ಮೂರು ಕಡ್ಡಿಯದನ್ನು ಹಾಕಿಸಿ. ಮೈಯೆಲ್ಲ ಕ್ರೋಮು ಹೊದ್ದ ಪೆಟ್ಟಿಗೆಯನ್ನು ಮಕ್ಕಳು ತಬ್ಬಿಕೊಳ್ಳುತ್ತಾರೆ.

ಎಲ್ಲ ಜೋಡಿಸಿದ ಮೇಲೆ ಮೊದಲು ಕೈಯಿಂದ ಪೂರ್ತಿ ಒಂದು ಸುತ್ತು ನಡೆಸಿ. ಆಮೇಲೆ ಕರೆಂಟು ಕೊಟ್ಟು, ಬೆಲೆಯಿಲ್ಲದ ಒಂದೆರಡು ರೆಕಾರ್ಡು ಮಾತ್ರ ಇಟ್ಟು, ಸಾಲಿನ ಈ ತುದಿ ಆ ತುದಿಯಿಂದ ಆರಿಸುತ್ತ ಓಡಿಸಿ. ನಿಲ್ಲಿಸಿ ಮೋಟರ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಇನ್ನೂ ಎಲ್ಲೋ ಬಿಗಿಯಿದೆ. ಹಾರಿದ ಎಣ್ಣೆಯನ್ನು ಒರೆಸಿ.

ನಿಮ್ಮ ತಂದೆಯ ಇಪಿಗಳ ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ವೇಗ ಹೊಂದುತ್ತದೆ, ಅವೂ 45 ಸುತ್ತಿನವೇ, ಅಳತೆಯೂ ಏಳಿಂಚು. ತೊಡಕು ನಡುವಿನ ತೂತಿನದು. ನಿಮ್ಮ ಯಂತ್ರಕ್ಕೆ ಬೇಕಾದದ್ದು ಸುಮಾರು 38 ಮಿಲಿಮೀಟರಿನ ದೊಡ್ಡ ತೂತು. ನಿಮ್ಮಲ್ಲಿರುವ ಇಪಿಗಳಿಗೆ ಮನೆಯ ಟರ್ನ್‌ಟೇಬಲ್ಲಿನ ಸಣ್ಣ ಕಡ್ಡಿಗೆ ಹೊಂದುವ ಸಣ್ಣ ತೂತಿದ್ದರೆ ಜ್ಯೂಕ್‌ಬಾಕ್ಸ್ ಅವನ್ನು ಹಿಡಿಯಲಾರದು. ತೂತು ದೊಡ್ಡದು ಮಾಡುವ ಸಾಧನ ಅಲ್ಲಿ ಸಿಗುತ್ತದೆ. ಆದರೂ ಬೇಡ ಎನ್ನುತ್ತೇನೆ. ಕೊರೆದ ಮೇಲೆ ಹಿಂದಿರುಗುವ ದಾರಿಯಿಲ್ಲ, ಕೊರೆತ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಹಾಡು ಅಲೆಯಲೆಯಾಗಿ ತೊನೆಯುತ್ತದೆ. ದೊಡ್ಡ ತೂತಿನವೇ ಇದ್ದರೂ ಎರಡು ಮಾತು. ಹೋಟೆಲಿನ ಗದ್ದಲದಲ್ಲಿ, ಅದುರುವ ನೆಲದ ಮೇಲೆ ಮುಳ್ಳು ಜಾರದಿರಲೆಂದು ಜ್ಯೂಕ್‌ಬಾಕ್ಸಿನ ಮುಳ್ಳನ್ನು ಇಂದಿನ ಮನೆಯ ಟರ್ನ್‌ಟೇಬಲ್ಲಿಗಿಂತ ಹೆಚ್ಚು ಒತ್ತಡಕ್ಕೆ ಹೊಂದಿಸಿರುತ್ತಾರೆ. ಸವೆದ ಮುಳ್ಳಾದರಂತೂ ಗೆರೆಯನ್ನು ಕೆತ್ತಿಬಿಡುತ್ತದೆ. ಹೊಸ ಮುಳ್ಳು ಹಾಕಿಸಿ, ಸ್ಪ್ರಿಂಗಿನ ಒತ್ತಡವನ್ನು ಕೈಪಿಡಿಯ ಅಳತೆಗೆ ತಂದ ಮೇಲೆಯೇ ಅವನ್ನು ಇಡಿ. ಮತ್ತೆ, ಬಾಗಿದ ರೆಕಾರ್ಡನ್ನು ಎಂದಿಗೂ ಇಡಬೇಡಿ. ನೆಟ್ಟಗೆ ಎತ್ತುವಾಗ ಅದು ಪಕ್ಕದ್ದಕ್ಕೆ ಉಜ್ಜುತ್ತದೆ. ಮತ್ತೆ ಸಿಗದ ಇಪಿಗಳನ್ನು ಒಳ್ಳೆಯ ಟರ್ನ್‌ಟೇಬಲ್ಲಿನ ಮೇಲೆ ಕೇಳಿ. ಜ್ಯೂಕ್‌ಬಾಕ್ಸಿಗೆ ಷಿಕಾಗೊದ ಹಳೆ ರೆಕಾರ್ಡು ಅಂಗಡಿಗಳಲ್ಲಿ ಸಿಗುವ 45ಗಳನ್ನೇ ತುಂಬಿ. ಅದು ಹುಟ್ಟಿದ್ದು ಆ ಹಾಡುಗಳಿಗಾಗಿ.

ಮೈಸೂರಿಗೆ ತರುವುದಾದರೆ ರೆಕಾರ್ಡುಗಳನ್ನೆಲ್ಲ ತೆಗೆದು, ಸ್ಪ್ರಿಂಗುಗಳ ಮೇಲೆ ತೇಲುವ ಯಂತ್ರವನ್ನು ಸಾಗಣೆಯ ತಿರುಪುಗಳಿಂದ ಬಿಗಿದು ಕಳಿಸಿ. ಇಲ್ಲಿ ಬಂದಮೇಲೆ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಮುಗಿಯಿತು ಎಂದು ಬಹಳ ಮಂದಿ ತಿಳಿಯುತ್ತಾರೆ. ಟ್ರಾನ್ಸ್‌ಫಾರ್ಮರ್ ಇಳಿಸುವುದು ವೋಲ್ಟನ್ನು ಮಾತ್ರ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ದಿಕ್ಕು ಬದಲಿಸಿ ಮರಳುತ್ತದೆ, ನಮ್ಮದು 50 ಸಲ. ಇಂಥ ಮೋಟರಿನ ವೇಗ ಹಿಡಿದು ನಡೆಯುವುದು ಆ ಆವರ್ತನವನ್ನು. ಆದ್ದರಿಂದ 45 ಸುತ್ತು ಇಲ್ಲಿ 37.5 ಆಗುತ್ತದೆ, ಮೂರು ನಿಮಿಷದ ಹಾಡು ಮೂರು ನಿಮಿಷ 36 ಸೆಕೆಂಡು ಎಳೆಯುತ್ತದೆ, ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಮೋಟರೂ ಹೆಚ್ಚು ಕಾಯುತ್ತದೆ. ಇದಕ್ಕೆ ಸರಿಯಾದ ಉಪಾಯ, 117 ವೋಲ್ಟನ್ನು 60 ಆವರ್ತನದಲ್ಲಿ ಶುದ್ಧ ಸೈನ್ ಅಲೆಯಾಗಿ ಕೊಡುವ ಫ್ರೀಕ್ವೆನ್ಸಿ ಕನ್ವರ್ಟರ್. ಮೋಟರ್, ದೀಪ, ಆಂಪ್ಲಿಫೈಯರ್ ಎಲ್ಲವನ್ನೂ ಹೊರುವಷ್ಟು ಸಾಮರ್ಥ್ಯದ್ದನ್ನು ಆರಿಸಬೇಕು. ಪೆಟ್ಟಿಗೆಯ ಹಿಂಭಾಗದ ಫಲಕದ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದ್ದರೆ ಅದನ್ನು ಈಗಲೇ ಗುರುತು ಹಾಕಿಕೊಂಡು, ಅದಕ್ಕಿಂತ ಅರ್ಧದಷ್ಟು ಹೆಚ್ಚಿನ ಸಾಮರ್ಥ್ಯದ ಕನ್ವರ್ಟರ್ ಹುಡುಕಿ, ಏಕೆಂದರೆ ಹೊರಡುವ ಕ್ಷಣದಲ್ಲಿ ಮೋಟರ್ ಓಡುವಾಗಿನದಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತದೆ.